ವಾಸನೆ ಕಳೆದುಕೊಂಡ ಹೊಗೆ

ಮೊನ್ನೆ ಅಣ್ಣನ ಮಗಳು ಹೊಸ ಸ್ಕೂಟರ್ ತಂದಳು. ಹೊರಗೆ ಜಿಟಿಜಿಟಿ ಮಳೆ. ಅಣ್ಣನ ಅಂಗಡಿಯ ಶಟರ್ ಮುಕ್ಕಾಲು ಇಳಿಸಿಕೊಂಡು, ಗಾಡಿಯನ್ನು ಒಳಗೇ ನಿಲ್ಲಿಸಿ, ಸ್ಟಾರ್ಟ್ ಮಾಡಿ ನನಗೆ ತೋರಿಸುತ್ತಿದ್ದಳು. ಈಗ ಬರುತ್ತದೆ ಹೊಗೆಯ ಘಾಟು, ಈಗ ಬರುತ್ತದೆ ಎಂದು ನಾನು ಮೂಗು ಸಿದ್ಧಮಾಡಿಕೊಂಡು ನಿಂತಿದ್ದೆ. ಬರಲಿಲ್ಲ. ಬಗ್ಗಿ ಸೈಲೆನ್ಸರ್ ಹತ್ತಿರ ಮುಖ ಒಯ್ದೆ. ಬಿಸಿ ಗಾಳಿ ಬಿಟ್ಟರೆ ಏನೂ ಇಲ್ಲ. ಎಲ್ಲರಿಗೂ ಯಾವುದೋ ವಾಸನೆ ಬಂದು ಹಳೆಯದು ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ನನಗೆ ವಾಸನೆ ಬಾರದೆ ಇದ್ದದ್ದಕ್ಕೇ ಅವರ ನೆನಪು ಬಂತು.

ಅವರು ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಸರ್. ಮೂಡಲಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹೆಂಡತಿ ಹುಕ್ಕೇರಿಯ ಕಡೆ ಶಾಲೆಯ ಟೀಚರ್. ಸರ್ ಶನಿವಾರ ಮಧ್ಯಾಹ್ನ ಹುಕ್ಕೇರಿಯ ಬಸ್ಸು ಹತ್ತಿದರೆ ಸೋಮವಾರ ಮುಂಜಾನೆ ಬಂದಿಳಿಯುತ್ತಿದ್ದರು. ತೆಳ್ಳಗಿನ ಆಳು, ಕೆಮ್ಮಿದರೂ ಯಾರಿಗೋ ತೊಂದರೆಯಾದೀತೆಂದು ಬಾಯಿಗೆ ಕೈ ಹಿಡಿಯುವ ಪೈಕಿ. ಸಿಗರೇಟು ಸೇದುತ್ತಿರಲಿಲ್ಲ, ಆದರೆ ಜೇಬಿನಲ್ಲಿ ಸದಾ ಒಂದು ಲೈಟರ್ ಇರುತ್ತಿತ್ತು. ನಮ್ಮ ಅವ್ವನಿಗೆ ಇದರ ಮೇಲೆ ಭಾರೀ ಸಂಶಯ. ಒಂದು ದಿನ ಕೇಳಿಯೇಬಿಟ್ಟಳು. ಅವರು ನಾಚಿಕೊಂಡು, ಲೈಟರಿನ ಕಲ್ಲಿನಲ್ಲಿ ಸೀರಿಯಂ ಎಂಬ ಲೋಹ ಇರುತ್ತದೆ, ಕಿಡಿ ಹಾರುವುದು ಅದರಿಂದಲೇ, ತಾವು ಓದುತ್ತಿರುವುದು ಅದರ ಬಗ್ಗೆಯೇ ಎಂದರು. ಅವ್ವ ನಂಬಿದಂತೆ ಕಾಣಲಿಲ್ಲ.

ಅವರು ರಜೆಯಲ್ಲಿ ಧಾರವಾಡಕ್ಕೆ ಹೋಗಿ ಡಾಕ್ಟರೇಟಿಗೆ ಸಂಶೋಧನೆ ಮಾಡುತ್ತಿದ್ದರು. ಸೀರಿಯಂ ಮತ್ತು ಜಿರ್ಕೋನಿಯಂ ಎಂಬ ಇನ್ನೊಂದು ಲೋಹ, ಎರಡನ್ನೂ ಕೂಡಿಸಿ ಕಾಯಿಸಿದ ಒಂದು ಹಳದಿ ಪುಡಿ. ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ತುಂಬಿಕೊಂಡು ಬಂದು ನನಗೂ ವೈನಿಗೂ ತೋರಿಸಿದ್ದರು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಆ ಪುಡಿ ನೋಡಲು ನಮ್ಮ ಮನೆಯ ಕಡಲೆಹಿಟ್ಟಿಗಿಂತ ತುಸು ಬಿಳಿ, ಅಷ್ಟೇ. ಆದರೆ ಅದರ ಬಗ್ಗೆ ಹೇಳುವಾಗ ಆ ಸಂಕೋಚದ ಮನುಷ್ಯನ ದನಿ ಬೇರೆಯೇ ಆಗುತ್ತಿತ್ತು.

"ಇದು ಉಸುರು ಹಿಡದಿಟ್ಕೋತೈತಿ ನೋಡು ತಂಗಿ. ಗಾಳ್ಯಾಗಿನ ಆಕ್ಸಿಜನ್ ತನ್ನ ಒಳಗ ಇಟ್ಕೊಂಡು, ಹೊಗಿಗೆ ಬೇಕಾದಾಗ ಕೊಡತೈತಿ. ಮುಂದ ಪ್ರತಿಯೊಂದು ಗಾಡಿ ಹೊಟ್ಟ್ಯಾಗೂ ಇದು ಇರತೈತಿ."

ಸೀರಿಯಂ ಒಂದೇ ಇದ್ದರೆ ಕಾವಿಗೆ ಬೇಗ ಸೋಲುತ್ತದೆ, ಜಿರ್ಕೋನಿಯಂ ಜೊತೆಗಿದ್ದರೆ ತಾಳಿಕೊಳ್ಳುತ್ತದೆ ಎಂದೂ ಹೇಳಿದರು. ಹಾಗಾದರೆ ಸರ್ ಒಬ್ಬರೇ ಇಲ್ಲಿ, ಟೀಚರ್ ಒಬ್ಬರೇ ಅಲ್ಲಿ ಇರುವುದು ಸರಿಯಲ್ಲ ಎಂದು ವೈನಿ ಕಾಲೆಳೆದರು. ವೈನಿಯ ನಾಲಿಗೆ ಆಗ ಹಾಗಿತ್ತು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ. ಊರವರು ಏನಾದರೂ ಅನ್ನುವ ಮೊದಲೇ ತಾವೇ ನಗೆಯಾಡಿ ಬಾಯಿ ಕಟ್ಟಿಬಿಡುವುದು ಅವರ ಉಪಾಯ.

ಅಣ್ಣನದು ಗೋಕಾಕ ರಸ್ತೆಯಲ್ಲಿ ಎಸ್‌ಟಿಡಿ ಬೂತ್, ಜೊತೆಗೆ ಝೆರಾಕ್ಸ್ ಅಂಗಡಿ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಅಂಗಡಿಯ ಹಿಂದಿನ ಬಯಲಲ್ಲಿ ಸೀಮೆಎಣ್ಣೆಯ ಒಂದು ಸಣ್ಣ ಜನರೇಟರ್ ಇತ್ತು. ಅದು ಚಾಲೂ ಆದರೆ ಸಾಕು, ಗಿರಾಕಿಗಳು ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಆ ಪುಡಿಯನ್ನು ನಮ್ಮ ಜನರೇಟರಿಗೂ ಹಾಕಿಕೊಡಿ ಎಂದು ಅಣ್ಣ ಸರ್ ಬೆನ್ನು ಹತ್ತಿದ. ಅವರು ಹಿಂದೆಮುಂದೆ ನೋಡಿ ಕೊನೆಗೆ ಒಪ್ಪಿದರು. ಕುಂಬಾರರಿಂದ ಮಣ್ಣಿನ ಸಣ್ಣ ಗುಳಿಗೆ ಮಾಡಿಸಿ, ಅವಕ್ಕೆ ಪುಡಿಯ ಲೇಪ ಕೊಟ್ಟು ಸುಟ್ಟು, ಒಂದು ತಗಡಿನ ಡಬ್ಬಿಗೆ ತುಂಬಿ ಸೈಲೆನ್ಸರಿಗೆ ಜೋಡಿಸಿದರು. ಮೊದಲ ಸಲ ಚಾಲೂ ಮಾಡಿದಾಗ ನಾವೆಲ್ಲ ಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಘಾಟು ಇಳಿಯಿತು. ಆಮೇಲೆ ಇಲ್ಲವೇ ಇಲ್ಲ. ಸರ್ ಕಣ್ಣಲ್ಲಿ ನೀರು ಬಂದಿತ್ತು, ಹೊಗೆಯಿಂದಲ್ಲ. ಇದನ್ನಿನ್ನೂ ಸರಿಯಾಗಿ ಅಳೆದು ನೋಡಿಲ್ಲ, ಜನರೇಟರ್ ಮಾತ್ರ ಬಯಲಲ್ಲೇ ಇರಲಿ ಎಂದು ಅಣ್ಣನಿಗೆ ಹೇಳಿದ್ದರು. ಅಣ್ಣ ಹೂಂ ಅಂದಿದ್ದ.

ಆಮೇಲೆ ಮಳೆಗಾಲ ಬಂತು. ಸರ್ ಪೇಪರ್ ತಿದ್ದಲು ಧಾರವಾಡಕ್ಕೆ ಹೋದವರು ಅಲ್ಲಿಂದಲೇ ಸಂಶೋಧನೆಗೆ ಕೂತುಬಿಟ್ಟರು. ಅಷ್ಟರಲ್ಲಿ ಪಕ್ಕದ ಅಂಗಡಿಯ ಜನರೇಟರನ್ನು ಯಾರೋ ಕದ್ದೊಯ್ದರು. ಅಣ್ಣ ನಮ್ಮದನ್ನು ತಂದು ಅಂಗಡಿಯ ಹಿಂದಿನ ಖೋಲಿಯಲ್ಲಿಟ್ಟ. ಖೋಲಿಗೂ ಅಂಗಡಿಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಒಂದು ಬಾಗಿಲು. ವೈರ್ ಹಾಯಬೇಕೆಂದು ಅದೂ ಅರ್ಧ ತೆರೆದಿರುತ್ತಿತ್ತು. ಮುಂದುಗಡೆ, ಝೆರಾಕ್ಸ್ ಮಶೀನಿಗೆ ಧೂಳು ಬೀಳದಿರಲೆಂದು ಹೊಸದಾಗಿ ಗಾಜಿನ ಬಾಗಿಲು. ಹೀಗೆ ಒಳಗಿಡಬಹುದೇ ಎಂದು ನಾನು ಕೇಳಿದೆ.

"ವಾಸನಿನ ಇಲ್ಲಲ್ಲ, ಯಾಕ ಅಂಜತಿ?" ಎಂದ ಅಣ್ಣ.

ಹೌದಲ್ಲ ಅನ್ನಿಸಿತು. ಚಿಕ್ಕಂದಿನಿಂದ ನಾವು ಕಲಿತದ್ದೇ ಅದು. ಹಾಲು ಕೆಟ್ಟರೆ ವಾಸನೆ, ಇಲಿ ಸತ್ತರೆ ವಾಸನೆ, ಗ್ಯಾಸ್ ಸೋರಿದರೆ ವಾಸನೆ. ಮೂಗು ಸುಮ್ಮನಿದ್ದರೆ ಎಲ್ಲ ಕ್ಷೇಮ.

ಮಧ್ಯಾಹ್ನ ಕರೆಂಟು ಹೋಗುವ ಹೊತ್ತಿಗೇ ಅಣ್ಣ ಊಟಕ್ಕೆ ಬಂದಾಗ, ಗೋಕಾಕಿಗೋ ಬೆಳಗಾವಿಗೋ ಸಾಮಾನು ತರಲು ಹೋದಾಗ, ವೈನಿ ಅಂಗಡಿಯಲ್ಲಿ ಕೂರುತ್ತಿದ್ದರು. ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ ಅವರಿಗೆ ತಲೆ ಸುತ್ತತೊಡಗಿತು. ಅಂಗಡಿಯಿಂದ ಬಂದು ಬಚ್ಚಲಿಗೆ ಓಡುತ್ತಿದ್ದರು, ವಾಂತಿ ಮಾಡಿಕೊಳ್ಳುತ್ತಿದ್ದರು. ಅವ್ವ ಬಾಗಿಲ ಹಿಂದೆ ನಿಂತು ಆ ಸದ್ದು ಕೇಳುತ್ತಿದ್ದಳು. ಅವಳ ಮುಖದಲ್ಲಿ ಅರಳುತ್ತಿದ್ದ ಸಂತೋಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ತಿಂಗಳು ವೈನಿಯ ಮುಟ್ಟಿನ ದಿನಗಳೂ ಸ್ವಲ್ಪ ಮುಂದೆ ಹೋಗಿದ್ದವು. ಇನ್ನೇನು ಬೇಕು? ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು, ಡಾಕ್ಟರ ಹತ್ತಿರವೂ ಹೋಗಬಾರದು, ದೃಷ್ಟಿಯಾಗುತ್ತದೆ ಎಂದು ಅವ್ವ ಕಟ್ಟಪ್ಪಣೆ ಮಾಡಿದಳು. ಹುಣಸೆಹಣ್ಣಿನ ಚಟ್ನಿ ಅರೆದಳು. ವೈನಿ ನಗೆಯಾಡುವುದನ್ನು ಬಿಟ್ಟರು. ನಕ್ಕರೆ ಎಲ್ಲಿ ಕೈಜಾರಿ ಹೋಗುತ್ತದೋ ಎಂಬಂತೆ ಮೆಲ್ಲಗೆ ಓಡಾಡುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಅಂಗಡಿಯಲ್ಲಿ ಕೂತು ಬಂದ ದಿನ ನನಗೂ ತಲೆ ಸಿಡಿಯುತ್ತಿತ್ತು. ನನ್ನ ತಲೆನೋವು ಆ ಮನೆಯಲ್ಲಿ ಯಾರಿಗೆ ಬೇಕಾಗಿತ್ತು!

ಸರ್ ಧಾರವಾಡದಿಂದ ಬಂದದ್ದು ಒಂದು ಮಧ್ಯಾಹ್ನ. ಹೆಗಲಿಗೆ ಚೀಲ, ಮಳೆಯಲ್ಲಿ ನೆನೆದಿದ್ದರು. ಮುಂಜಾನೆಯಿಂದ ಕರೆಂಟಿರಲಿಲ್ಲ. ಅಣ್ಣ ಬೆಳಗಾವಿಗೆ ಹೋಗಿದ್ದ. ನಾನು ವೈನಿಗೆ ಊಟದ ಡಬ್ಬಿ ಕಟ್ಟುತ್ತಿದ್ದೆ. ಯಾರಿಗೂ ಹೇಳಬಾರದು ಎಂದಿದ್ದ ಅವ್ವನಿಗೇ ತಡೆಯಲಾಗಲಿಲ್ಲ. ಸರ್ ಹೊರಗಿನವರಲ್ಲವಲ್ಲ ಎಂದುಕೊಂಡು, ದೇವರ ಮುಂದಿಟ್ಟಿದ್ದ ಪೇಢೆ ತಂದು ಅವರ ಕೈಗಿತ್ತು ಸುದ್ದಿ ಹೇಳಿದಳು. ದಿನಾ ಅಂಗಡಿಯಿಂದ ಬಂದ ಕೂಡಲೇ ವಾಂತಿ ಎಂದು ಹೆಮ್ಮೆಯಿಂದ ವರ್ಣಿಸಿದಳು.

ಪೇಢೆ ಬಾಯಿಯ ಹತ್ತಿರ ಒಯ್ದಿದ್ದ ಅವರ ಕೈ ನಿಂತಿತು.

"ಮನ್ಯಾಗ ಇದ್ದ ದಿನಾ ಆಗತೈತೇನ್ರಿ ಅವ್ವಾರ? ರವಿವಾರ?"

"ಇಲ್ರಿ ಸರ. ಕೂಸಿಗೆ ಮನೀನ ಹಿತ ಕಾಣತೈತಿ," ಎಂದು ಅವ್ವ ನಕ್ಕಳು.

ಅವರು ನನ್ನ ಕಡೆ ತಿರುಗಿ, ಜನರೇಟರ್ ಎಲ್ಲಿದೆ ಎಂದು ಕೇಳಿದರು. ಹೇಳಿದೆ. ಚೀಲ ಅಲ್ಲೇ ಬಿತ್ತು. ಮೊದಲು ಬಿರುಸಾಗಿ ನಡೆದರು, ಓಣಿ ದಾಟಿದ ಮೇಲೆ ಓಡಿದರು. ಯಾಕೆಂದು ತಿಳಿಯದೆ ನಾನೂ ಡಬ್ಬಿ ಹಿಡಿದುಕೊಂಡೇ ಹಿಂದೆ ಓಡಿದೆ. ನನಗೆ ಗೊತ್ತಾಗಿದ್ದು ಒಂದೇ, ಹೆದರಬೇಕಾದದ್ದು ಏನೋ ಇದೆ ಎಂಬುದು. ಏನೆಂದು ಗೊತ್ತಿಲ್ಲದ ಹೆದರಿಕೆಯಂಥ ಹೆದರಿಕೆ ಇನ್ನೊಂದಿಲ್ಲ.

ಗಾಜಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಜನರೇಟರಿನ ಗುಂಯ್‌ಗುಟ್ಟುವಿಕೆ. ವೈನಿ ಮೇಜಿನ ಮೇಲೆ ತೋಳು ಮಡಚಿ, ಅದರ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ಕೆನ್ನೆ ಎಂದೂ ಇಲ್ಲದಷ್ಟು ಕೆಂಪಗಿತ್ತು. ಬಸುರಿಯ ಕಳೆ ಎಂದರೆ ಇದೇ ಎಂದು ಒಂದು ಗಳಿಗೆ ನಾನು ಖುಷಿಪಟ್ಟೆ.

ಸರ್ ಬಾಗಿಲು ಎಳೆದು, ಉಸಿರು ಬಿಗಿಹಿಡಿದು ಒಳನುಗ್ಗಿ, ವೈನಿಯನ್ನು ಎರಡೂ ಕಂಕುಳಲ್ಲಿ ಕೈಹಾಕಿ ರಸ್ತೆಗೆ ಎಳೆದು ತಂದರು. ಹಾಡಹಗಲೇ ಪೇಟೆಯ ನಡುವೆ ಪರರ ಮನೆಯ ಸೊಸೆಯನ್ನು ಹೀಗೆ ಎಳೆಯುವುದೆಂದರೆ? ಎದುರಿನ ಪಾನಿನ ಅಂಗಡಿಯವನು ಬಂದು ಅವರ ಕಾಲರ್ ಹಿಡಿದ. ನಾನು ಚೀರಿ ಬಿಡಿಸಿದೆ. ಸರ್ ಮತ್ತೆ ಒಳಗೆ ಹೋಗಿ ಜನರೇಟರ್ ಆರಿಸಿ, ಗೋಡೆ ಹಿಡಿದುಕೊಂಡು ಹೊರಬಂದು ಮೆಟ್ಟಿಲ ಮೇಲೆ ಕುಸಿದರು. ಯಾರದೋ ಟ್ರ್ಯಾಕ್ಸ್ ಜೀಪು ನಿಲ್ಲಿಸಿ ಗೋಕಾಕಿನ ಆಸ್ಪತ್ರೆಗೆ ಹೊರಟೆವು. ಎಲ್ಲ ಪರದೆ ಎತ್ತಿಸಿ, ಮಳೆ ಹೊಡೆದರೆ ಹೊಡೆಯಲಿ ಗಾಳಿ ಬರಲಿ ಎಂದು ಸರ್ ದಾರಿಯುದ್ದಕ್ಕೂ ಅಂಗಲಾಚುತ್ತಿದ್ದರು. ವೈನಿಯ ತಲೆ ನನ್ನ ತೊಡೆಯ ಮೇಲಿತ್ತು. ಅವರ ಮೂಗಿನ ಹತ್ತಿರ ಬೆರಳು ಹಿಡಿದು ಕೂತಿದ್ದೆ. ಉಸಿರು ಇದೆ ಅನ್ನಿಸುತ್ತಿತ್ತು, ಗಾಳಿಯೇನೋ ಎಂದು ಮತ್ತೆ ಭಯ. ಅರಭಾವಿ ದಾಟುವಾಗ ಒಮ್ಮೆ ನರಳಿದರು. ಆ ನರಳಿಕೆ ಕೇಳಿ ಸರ್ ಮುಖ ಮುಚ್ಚಿಕೊಂಡರು. ವೈನಿಯ ರವಿಕೆಯ ತೋಳಿಗೆ, ಬೆನ್ನಿಗೆ ಪೇಢೆ ಮೆತ್ತಿಕೊಂಡಿತ್ತು. ಸರ್ ಅದನ್ನು ಕೈಯಲ್ಲಿಟ್ಟುಕೊಂಡೇ ಓಡಿ ಬಂದಿದ್ದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಸಂಜೆಗೆ ವೈನಿ ಕಣ್ಣು ಬಿಟ್ಟು, ಗುರುತು ಹಿಡಿದು, ಮೊದಲು ಕೇಳಿದ್ದು ಒಂದೇ ಮಾತು.

"ಕೂಸು?"

ಡಾಕ್ಟರಮ್ಮ ಅಷ್ಟರಲ್ಲಿ ಪರೀಕ್ಷೆ ಮಾಡಿಸಿದ್ದರು. ಮೆತ್ತಗೆ ಹೇಳಿದರು, ಕೂಸು ಇರಲೇ ಇಲ್ಲ, ಅದೆಲ್ಲ ಹೊಗೆಯ ವಿಷ. ವೈನಿ ಗೋಡೆಯ ಕಡೆ ಹೊರಳಿ ಮಲಗಿದರು. ಸರ್ ಬಾಗಿಲಲ್ಲಿ ನಿಂತಿದ್ದರು, ಎಲ್ಲ ಕೇಳಿಸಿಕೊಂಡರು.

ಹೊರಗಿನ ಬೆಂಚಿನ ಮೇಲೆ ಅವರು ನನಗೆ ತಿಳಿಸಿ ಹೇಳಿದರು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪುಡಿ ಅದನ್ನೂ ಸುಡಬಲ್ಲದು, ಆದರೆ ಚೆನ್ನಾಗಿ ಕಾವೇರಿರಬೇಕು, ಗಾಳಿ ಬೇಕಾದಷ್ಟಿರಬೇಕು. ಮುಚ್ಚಿದ ಖೋಲಿಯಲ್ಲಿ ಎಂಜಿನ್ ಇದ್ದ ಗಾಳಿಯನ್ನೆಲ್ಲ ತಿಂದುಹಾಕಿದ ಮೇಲೆ ಪುಡಿಯ ಹತ್ತಿರವೂ ಕೊಡಲು ಉಸಿರು ಉಳಿಯುವುದಿಲ್ಲ. ಸೀಮೆಎಣ್ಣೆಯ ಘಾಟನ್ನಷ್ಟೇ ಡಬ್ಬಿ ಹಿಡಿದಿಟ್ಟುಕೊಂಡಿತ್ತು. ವಿಷ ಆರಾಮಾಗಿ ಹೊರಬರುತ್ತಿತ್ತು.

"ವಾಸನಿ ನಮ್ಮ ಸಲುವಾಗಿ ಒದರತಿತ್ತು ತಂಗಿ. ನಾ ಅದರ ಬಾಯಿ ಮುಚ್ಚಿದೆ."

ಬಯಲಲ್ಲೇ ಇರಲಿ ಎಂದು ನೀವು ಹೇಳಿದ್ದಿರಲ್ಲ ಎಂದೆ. ಅವರು ತಲೆಯಾಡಿಸಿದರು, ಆ ಮಾತು ಅವರಿಗೆ ಬೇಕಾಗಿರಲಿಲ್ಲ.

ವೈನಿ ಮನೆಗೆ ಬಂದ ದಿನ ಅವ್ವ ಮೆಟ್ಟಿಲ ಬುಡದಲ್ಲಿ ಸರ್ ಅವರನ್ನು ತಡೆದು ನಿಂತಳು. ಜೀವ ಉಳಿಸಿದ್ದಕ್ಕೆ ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ.

"ನಿಮ್ಮ ಡಬ್ಬಿ ನಮ್ಮ ಮನಿ ಕೂಸು ತಿಂತು ಸರ," ಎಂದಳು.

ಇರದ ಕೂಸನ್ನು ಯಾರು ತಿಂದಾರು? ಅವರು ಹಾಗೆ ಕೇಳಬಹುದಿತ್ತು. ಕೇಳಲಿಲ್ಲ. ಹೌದ್ರಿ ಅವ್ವಾರ ಎಂದಷ್ಟೇ ಹೇಳಿ ತಲೆ ತಗ್ಗಿಸಿ ಮೇಲೆ ಹೋದರು. ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಹುಕ್ಕೇರಿಯ ಕಡೆ ಹೋದರು. ಸಂಶೋಧನೆಯನ್ನು ನಡುವೆಯೇ ಬಿಟ್ಟರೆಂದು ಆಮೇಲೆ ತಿಳಿಯಿತು. ಅಲ್ಲಿ ಅವರ ಹತ್ತಿರ ಕಲಿತ ಹುಡುಗಿಯೊಬ್ಬಳು ಒಮ್ಮೆ ಮದುವೆಯಲ್ಲಿ ಸಿಕ್ಕಿದ್ದಳು. ಕ್ಲಾಸಿಗೆ ಬಂದ ಕೂಡಲೇ, ಚಳಿಯಿರಲಿ ಮಳೆಯಿರಲಿ, ತಾವೇ ಹೋಗಿ ಎಲ್ಲ ಕಿಟಕಿ ತೆರೆಯುತ್ತಿದ್ದರಂತೆ. ಹುಡುಗರು ಅವರಿಗೆ ಕಿಟಕಿ ಸರ್ ಎಂದು ಹೆಸರಿಟ್ಟಿದ್ದರಂತೆ. ಅವಳು ನಗುತ್ತ ಹೇಳಿದಳು. ನಾನು ಊಟದ ಎಲೆ ಬಿಟ್ಟು ಎದ್ದೆ.

ಹೋದ ವರ್ಷ ಸರ್ ತೀರಿಕೊಂಡರು. ಸುದ್ದಿ ಹೇಳಿದಾಗ ವೈನಿ ಎದ್ದು ಹೋಗಿ, ತೆರೆದೇ ಇದ್ದ ಅಡುಗೆಮನೆಯ ಕಿಟಕಿಯನ್ನು ಇನ್ನಷ್ಟು ತಳ್ಳಿದರು.

ಮೊನ್ನೆ ಸ್ಕೂಟರ್ ಚಾಲೂ ಮಾಡಿದ್ದು ಆ ವೈನಿಯ ಮಗಳೇ. ಎಷ್ಟೋ ವರ್ಷ ತಡೆದು ಹುಟ್ಟಿದವಳು. ಸೈಲೆನ್ಸರ್ ಒಳಗೆ ಜೇನುಗೂಡಿನಂಥದ್ದೊಂದು ಇದೆ, ಅದೇ ಹೊಗೆ ತೊಳೆಯುತ್ತದೆ ಎಂದು ಶೋರೂಮಿನವರು ಹೇಳಿದರಂತೆ. ಅದಕ್ಕೆ ಯಾವ ಪುಡಿ ಸವರಿರುತ್ತಾರೆಂದು ನಾನು ಹೇಳಬಲ್ಲವಳಾಗಿದ್ದೆ. ಬಾಯಿಂದ ಬಂದದ್ದು ಮಾತ್ರ ಶಟರ್ ಎತ್ತು ಎಂಬ ಚೀರಾಟ.

"ವಾಸನಿನ ಇಲ್ಲಲ್ಲ ಅತ್ತಿ, ಯಾಕ ಅಂಜತಿ?"

ಅಪ್ಪನ ಮಾತು, ಅಪ್ಪನದೇ ದನಿ. ಅಷ್ಟರಲ್ಲಿ ವೈನಿ ಒಳಗಿನಿಂದ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ, ಎರಡೂ ಕೈಯಿಂದ ಶಟರನ್ನು ತುದಿಯ ತನಕ ಎತ್ತಿಬಿಟ್ಟರು. ಮಳೆಯ ಇರಚಲು ಹೊಸ ಗಾಡಿಯ ಮೇಲೆಲ್ಲ ಬಿತ್ತು. ಹುಡುಗಿ ಗೊಣಗಿದಳು. ವೈನಿ ಅಲ್ಲೇ ನಿಂತು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು. ನಾನು ಅವರ ಮೂಗಿನ ಕಡೆಗೇ ನೋಡುತ್ತಿದ್ದೆ.

ಹುಕ್ಕೇರಿ ಇಲ್ಲಿಂದ ದೂರವೇನಲ್ಲ. ಇಷ್ಟು ವರ್ಷದಲ್ಲಿ ಒಮ್ಮೆ ಹೋಗಿ ಆ ಹುಡುಗಿಯನ್ನು ಅವರಿಗೆ ತೋರಿಸಿ ಬರಬಹುದಿತ್ತು... ಈಗ ಹೇಳುವುದೆಲ್ಲ ಗಾಳಿಗೆ ಹೇಳಿದಂತೆ. ಆದರೂ ಹೇಳುತ್ತೇನೆ. ಸರ, ನಿಮ್ಮ ಪುಡಿ ಕೆಲಸ ಮಾಡಾಕತ್ತೈತ್ರಿ. ಕೂಸೂ ಐತ್ರಿ. ಬಾಗಲಾ ನಾವು ತೆರದ ಇಟ್ಟೇವ್ರಿ.