ಗಿರಿಯಮ್ಮ ಹೇಳದೆ ಬಿಟ್ಟ ಜ್ವರ

ಗಿರಿಯಮ್ಮನನ್ನು ಮಾತಿನಲ್ಲಿ ಗೆಲ್ಲುವವರು ಸಿರಾ ಸೀಮೆಯಲ್ಲೇ ಇರಲಿಲ್ಲ. ಅವಳ ಗೊಲ್ಲರಹಟ್ಟಿಯ ಶಾಲೆಗೆ ನಾನು ಮೇಷ್ಟ್ರಾಗಿ ಹೋದ ಮೊದಲ ದಿನವೇ ಬಾಗಿಲಲ್ಲಿ ನಿಂತು, "ಗಾಳಿ ಬೀಸಿದ್ರೆ ಹಾರೋಗೋ ಅಂಗಿದ್ದೀರಾ, ಈ ಹುಡುಗ್ರನ್ನ ಹೆಂಗ್ ಹಿಡೀತೀರಾ ಮೇಷ್ಟ್ರೇ?" ಎಂದು ಕೇಳಿ ಮಕ್ಕಳೆದುರು ನನ್ನ ಮಾನ ಕಳೆದಿದ್ದಳು. ಮಧ್ಯಾಹ್ನ ಒಂದು ಚೊಂಬು ಮಜ್ಜಿಗೆ ಕಳಿಸಿದಳು. ಇಂಥ ಬಾಯಿಯಿದ್ದ ಹೆಂಗಸು ಒಂದೇ ಒಂದು ಸಲ ಆಡಬೇಕಾದ ಮಾತನ್ನು ಆಡದೆ ನುಂಗಿಕೊಂಡಿದ್ದಳು. ಉಳಿದ ಆಯಸ್ಸೆಲ್ಲ ಆ ಮಾತು ಅವಳ ಗಂಟಲಲ್ಲೇ ಇತ್ತು.

ಅದು ನಾನು ಅಲ್ಲಿಗೆ ಹೋಗುವುದಕ್ಕೂ ಮುಂಚಿನ ಮಾತು, ಐವತ್ತೇಳನೇ ಇಸವಿಯ ಚಳಿಗಾಲ. ಸಿರಾ, ಪಾವಗಡ ಕಡೆಯ ಹಟ್ಟಿಗಳಲ್ಲಿ ಯಾರು ಎಷ್ಟು ಓದಿದ್ದಾರೆ, ಯಾವ ಯಾವ ಕಾಯಿಲೆ ಇದೆ, ಹುಟ್ಟಿದ ಮಕ್ಕಳಲ್ಲಿ ಎಷ್ಟು ಉಳಿಯುತ್ತವೆ ಎಂದು ತಿಳಿಯಲು ಸಮಾಜಶಾಸ್ತ್ರದ ಸಂಶೋಧಕರು ಜೀಪಿನಲ್ಲಿ ಬಂದಿದ್ದರು. ಜೊತೆಗೆ ಒಬ್ಬ ಡಾಕ್ಟರಮ್ಮ. ಅವರನ್ನು ಗಿರಿಯಮ್ಮನೇ ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು.

ಹಟ್ಟಿಯ ಸುತ್ತ ಮುಳ್ಳುಬೇಲಿ, ನಡುವೆ ಜುಂಜಪ್ಪನ ಗುಡಿ. ದೇವರಿಗೆ ಮೈಲಿಗೆ ತಾಗಬಾರದೆಂದು ಹೆತ್ತವಳು, ಮುಟ್ಟಾದವಳು ಬೇಲಿಯಾಚೆಯ ಹುಲ್ಲುಗುಡಿಸಲಲ್ಲಿ ಇರಬೇಕು. ಊಟವನ್ನು ದೂರದಲ್ಲಿಟ್ಟು ಬರುತ್ತಾರೆ. ಅವಳನ್ನು ಮುಟ್ಟಿದವರೂ ಹಟ್ಟಿಯೊಳಗೆ ಬರುವ ಹಾಗಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಆದರೆ ಗಿರಿಯಮ್ಮನಿಗೆ ಅದು ಸೂರ್ಯ ಮೂಡುವಷ್ಟೇ ಸಹಜವಾಗಿತ್ತು, ಅವಳೂ ಆ ಗುಡಿಸಲಲ್ಲೇ ಹೆತ್ತವಳು.

ಆ ದಿನ ಗುಡಿಸಲಲ್ಲಿ ಅವಳ ಸೊಸೆ ರಂಗಕ್ಕ ಹಸುಗೂಸಿನ ಜೊತೆ ಮಲಗಿದ್ದಳು. ಮೈ ಕೆಂಡವಾಗಿತ್ತು. ಹಿಂದಿನ ಸಂಜೆ ಇಟ್ಟ ಮುದ್ದೆ ಇಟ್ಟಲ್ಲೇ ಇತ್ತು.

"ಮನೆಯಲ್ಲಿ ಯಾರಿಗಾದರೂ ಜ್ವರಗಿರ ಇದೆಯೇನಮ್ಮ?" ಡಾಕ್ಟರಮ್ಮ ಔಷಧಿ ಚೀಲದ ಮೇಲೆ ಕೈಯಿಟ್ಟೇ ಕೇಳಿದರು.

ಗಿರಿಯಮ್ಮ ಬಾಯಿ ತೆರೆದಳು. ಎದುರಿಗೆ ಅವಳ ಮೈದುನ, ಗುಡಿಯ ಪೂಜಾರಿ ದೊಡ್ಡರಂಗಪ್ಪ ನಿಂತಿದ್ದ. ಹೇಳಿದರೆ ಡಾಕ್ಟರಮ್ಮ ಹೋಗಿ ಬಾಣಂತಿಯನ್ನು ಮುಟ್ಟುತ್ತಾರೆ, ಅದೇ ಕೈಯಲ್ಲಿ ಮನೆಮನೆಗೂ ಬರುತ್ತಾರೆ, ಇಡೀ ಹಟ್ಟಿಗೆ ಮೈಲಿಗೆ ತಂದವಳು ಗಿರಿಯಮ್ಮ ಎಂದಾಗುತ್ತದೆ.

"ಯಾರ್ಗೂ ಏನೂ ಇಲ್ಲ ಕಣವ್ವಾ, ಎಲ್ಲಾ ಚೆನ್ನಾಗವ್ರೆ" ಎಂದಳು.

ಜೀಪು ಗುಡಿಸಲಿನ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋಯಿತು. ಮೆಣಸಿನ ಕಷಾಯಕ್ಕೆ ಜ್ವರ ಇಳಿಯುತ್ತದೆ ಎಂದು ಗಿರಿಯಮ್ಮ ನಂಬಿದ್ದಳು. ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಗಂಜಿ ಇಡಲು ಹೋದಾಗ ಕೂಸು ಅಳುತ್ತಿತ್ತು, ರಂಗಕ್ಕ ಅಲುಗಲಿಲ್ಲ.

ಆಗ ಗಿರಿಯಮ್ಮ ಒಳನುಗ್ಗಿ ಕೂಸನ್ನು ಎತ್ತಿಕೊಂಡಳು. ಸೂತಕ ಕಳೆಯುವವರೆಗೂ ಅದೇ ಗುಡಿಸಲಲ್ಲಿದ್ದು, ಮೇಕೆಯ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಅದನ್ನು ಬದುಕಿಸಿದಳು.

ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ಹೇಳಿ ಮುಗಿಸಿ, "ಅವತ್ತು ಮುಟ್ಟಿದ್ ಕೈಲಿ ಹಿಂದಿನ್ ದಿನ್ವೇ ಮುಟ್ಟಿದ್ರೆ ಏನಾಯ್ತಿತ್ತು ಮೇಷ್ಟ್ರೇ?" ಎಂದು ಕೇಳಿದಳು. ಏನೂ ಆಗುತ್ತಿರಲಿಲ್ಲ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದಕ್ಕಿಂತ ಕ್ರೂರವಾದ ಉತ್ತರ ಇನ್ನೊಂದಿರಲಿಲ್ಲ.

ಮಗ ಯತ್ತಪ್ಪ ತಾಯಿಗೆ ಒಂದು ಮಾತೂ ಅನ್ನಲಿಲ್ಲವಂತೆ. "ಅವ್ನು ಬೈದಿದ್ರೆ ಬದುಕ್ಕೊಂತಿದ್ದೆ. ನಾನಿಟ್ಟ ಅನ್ನಾನ ತಲೆ ಬಗ್ಗಿಸ್ಕಂಡು ಉಣ್ತಾನೆ, ಅದ್ನ ನೋಡಕ್ಕಾಗಲ್ಲ" ಎನ್ನುತ್ತಿದ್ದಳು.

ಆ ಕೂಸೇ ಜುಂಜಮ್ಮ. ಅಜ್ಜಿಯೇ ಕೈಹಿಡಿದು ಶಾಲೆಗೆ ಕರೆತಂದಳು. ಹಟ್ಟಿಯಲ್ಲಿ ಏಳನೇ ತರಗತಿ ಮುಟ್ಟಿದ ಮೊದಲ ಹುಡುಗಿ. ಅವಳು ಗಟ್ಟಿಯಾಗಿ ಓದುವಾಗ ಗಿರಿಯಮ್ಮ ಕಿಟಕಿಯ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮುಖದಲ್ಲಿ ಹೆಮ್ಮೆಯೇನೋ ಇರುತ್ತಿತ್ತು, ಆದರೆ ನಾನು ತಿರುಗಿ ನೋಡಿದರೆ ಕದ್ದು ತಿಂದವಳಂತೆ ಸರಿದುಬಿಡುತ್ತಿದ್ದಳು.

ಅರವತ್ತೊಂಬತ್ತರಲ್ಲಿ ಸಂಶೋಧಕರು ಮತ್ತೆ ಬಂದರು. ಹಿಂದೆ ನೋಡಿದ್ದ ಹಟ್ಟಿಗಳಲ್ಲಿ ಏನು ಬದಲಾಗಿದೆ ಎಂದು ತಿಳಿಯಬೇಕಂತೆ. ಈ ಸಲ ಬಂದವರೆಲ್ಲ ಹೊಸ ಹುಡುಗರು. ದಾರಿ ತೋರಿಸಲು ನಾನೇ ಹೋದೆ. ಜುಂಜಮ್ಮ ಒಂದೆರಡು ದಿನದಿಂದ ಶಾಲೆಗೆ ಬಂದಿರಲಿಲ್ಲ. ದೊಡ್ಡವಳಾಗಿರಬೇಕು ಎಂದು ಊಹಿಸಿದ್ದೆ. ಇವಳನ್ನೂ ಆ ಗುಡಿಸಲಿಗೆ ತಳ್ಳಿದಳೇ ಮುದುಕಿ ಎಂದು ಹಲ್ಲು ಕಡಿಯುತ್ತಾ ನಡೆದೆ.

ಗಿರಿಯಮ್ಮನ ಮನೆಯ ಬಾಗಿಲು ಮುಚ್ಚಿತ್ತು. ಬೇಲಿಯಾಚೆ ಗುಡಿಸಲ ಬಾಗಿಲಲ್ಲಿ ಜುಂಜಮ್ಮ ಪುಸ್ತಕ ಹಿಡಿದು ಕೂತಿದ್ದಳು. ಹಿಂದೆ ಕೂತ ಅಜ್ಜಿ ಅವಳ ತಲೆ ಬಾಚುತ್ತಿದ್ದಳು. ಗುಡಿಸಲೊಳಗೆ ಎರಡು ಚಾಪೆ.

ದೊಡ್ಡರಂಗಪ್ಪ ಬೇಲಿಯ ಈಚೆಯಿಂದ, "ಇವ್ಳಿಗೆ ಬುದ್ಧಿ ಹೇಳಿ ಮೇಷ್ಟ್ರೇ. ಮೊಮ್ಮಗಳ್ನ ಮುಟ್ಕಂಡ್ ಕೂತವ್ಳೆ" ಎಂದ.

"ಇವ್ಳು ಒಳಕ್ ಬಂದ್ ದಿನ ನಾನೂ ಬತ್ತೀನಿ. ಅಲ್ಲೀಗಂಟ ನೀನು ನಿನ್ ದೇವ್ರು ಮಡಿಯಾಗಿರಿ, ಹೋಗು" ಎಂದಳು ಗಿರಿಯಮ್ಮ, ಬಾಚಣಿಗೆ ನಿಲ್ಲಿಸದೆ.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಜೊತೆಗಿದ್ದ ಹುಡುಗ ಗುಡಿಸಲ ಮುಂದೆಯೇ ಕುಕ್ಕರಗಾಲಲ್ಲಿ ಕೂತು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯಾ ಅಜ್ಜಿ?" ಎಂದು ಕೇಳಿದ.

ಬಾಚಣಿಗೆ ನಿಂತಿತು.

"ಐತೆ ಕಣಪ್ಪ. ಜ್ವರ. ಮೈ ಸುಡ್ತೈತೆ, ಮುದ್ದೆ ಮುಟ್ಟಿಲ್ಲ" ಎಂದಳು ಗಿರಿಯಮ್ಮ.

"ಯಾರಿಗೆ?"

"ನನ್ ಸೊಸೆ ರಂಗಕ್ಕಂಗೆ."

ಹುಡುಗ ಗಾಬರಿಯಿಂದ ಎದ್ದು ಗುಡಿಸಲೊಳಗೆ ಇಣುಕಿದ. "ಎಲ್ಲಿದ್ದಾರೆ ಅವರು? ಡಾಕ್ಟರು ಜೀಪಿನಲ್ಲೇ ಇದ್ದಾರೆ, ಈಗಲೇ ಕರೀತೀನಿ" ಎಂದ.

"ಕರಿಯಪ್ಪಾ, ಕರಿ" ಎಂದು ಗಿರಿಯಮ್ಮ ಮೊಮ್ಮಗಳ ಬೆನ್ನಿಗೆ ಮುಖವಿಟ್ಟು ಅತ್ತಳು.