ಓನರಮ್ಮ ಮತ್ತು ಹಾಲೆಂಡಿನ ಮನೆ

ನನ್ನ ಮೊಮ್ಮಗಳು ಹಾಲೆಂಡಿನಲ್ಲಿ ಮನೆ ಕೊಂಡಳು. ಬಾಡಿಗೆಯದಲ್ಲ, ಸ್ವಂತದ್ದು. ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು ಅವಳು. ಇವತ್ತು ಹಾಲು ಉಕ್ಕಿಸಿದ್ದನ್ನು ಫೋನಿನಲ್ಲಿ ನೋಡಿದೆ. ಕೆಂಪು ಇಟ್ಟಿಗೆಯ ಮನೆ, ಮುಂದೆ ಚಾಪೆಯಷ್ಟಗಲ ಹುಲ್ಲು, ಸೈಕಲ್ ಹೋದರೂ ಕೇಳಿಸುವಂಥ ಸದ್ದಿಲ್ಲದ ಬೀದಿ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು, ಈ ಸಂತೋಷವನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಬರೆಯಲು ಕೂತರೆ ಮೊದಲು ಸಿಟ್ಟೇ ಬರುತ್ತದೆ. ಸಿಟ್ಟಿನ ಹಿಂದೆಯೇ ಒಂದು ಹರಿದ ಕಿವಿ ಕಣ್ಣಿಗೆ ಕಟ್ಟುತ್ತದೆ.

ಅದು ನಮಗೆ ಬಾಡಿಗೆಗೆ ಮನೆ ಕೊಟ್ಟ ಓನರಮ್ಮನ ಎಡಗಿವಿ. ಯಾವ ಕಾಲದಲ್ಲೋ ಎಮ್ಮೆ ತಲೆ ಕೊಡವಿದಾಗ ಓಲೆಗೆ ಕೊಂಬು ಸಿಕ್ಕಿ ಕಿವಿ ಸೀಳಿ ಎರಡಾಗಿತ್ತು. ಬಲಗಿವಿಗೆ ಮಾತ್ರ ಓಲೆ. ಹೊಲಿಸಿಕೊಳ್ಳಬಾರದೇ ಎಂದರೆ, “ಕೇಳಾಕೇನೂ ತೊಂದ್ರೆ ಇಲ್ವಲ್ಲ” ಎನ್ನುತ್ತಿದ್ದರು.

ಗಂಡ ಬಿಟ್ಟುಹೋದ ನನ್ನ ಮಗಳಿಗೆ ಅರಸೀಕೆರೆಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಜಾವಗಲ್ಲಿನಿಂದ ಬಸ್ಸಿಗೆ ಬಂದು, ಈ ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಾಡಿಗೆ ಮನೆಗೆ ಅಲೆದೆವು. ಎಲ್ಲ ಕಡೆಯೂ ಒಂದೇ ಪ್ರಶ್ನೆ, ಯಜಮಾನರು ಎಲ್ಲಿ. ಉತ್ತರ ಕೇಳುತ್ತಲೇ ಮನೆ ಬೇರೆಯವರಿಗೆ ಮಾತಾಗಿಬಿಡುತ್ತಿತ್ತು. ಬಾಡಿಗೆಗಿದೆ ಎನ್ನುವ ಬೋರ್ಡು ಮಾತ್ರ ಮಾರನೆಯ ದಿನವೂ ಅಲ್ಲೇ ನೇತಾಡುತ್ತಿತ್ತು.

ಓನರಮ್ಮ ಕೇಳಿದ್ದು ಎಷ್ಟು ಜನ ಇರುತ್ತೀರಿ ಎಂದು. ನಾನು ಅಳಿಯ ಹೊರಗಡೆ ಕೆಲಸದಲ್ಲಿದ್ದಾನೆ ಎಂದು ಸುಳ್ಳು ಪೋಣಿಸಲು ಶುರುಮಾಡಿದೆ.

“ನಿನ್ನ ಅಳಿಯನ್ನ ಯಾರು ಕೇಳಿದ್ರು? ನಲ್ಲಿ ನೀರು ದಿನಾ ಬರಲ್ಲ. ಎಷ್ಟು ಜನ ಅಂತ ಹೇಳು.”

ದೇವತೆಯೇನಲ್ಲ ಓನರಮ್ಮ. ಒಂದು ಲೈಟು ಹೆಚ್ಚಿಗೆ ಉರಿದರೆ ಬೀದಿಗೆಲ್ಲ ಕೇಳುವಂತೆ ಬೈಯುತ್ತಿದ್ದರು. ತಾರಸಿಯಲ್ಲಿ ಒಣಗಿಸಿದ ಕೊಬ್ಬರಿಯ ಹತ್ತಿರ ಮಗು ಹೋದರೆ ಕೋಲು ಹಿಡಿಯುತ್ತಿದ್ದರು. ಅದೇ ಮಗು ಓದದೆ ಮಲಗಿದರೂ ಅದೇ ಕೋಲು. “ನೀನೂ ನಿಮ್ಮವ್ವನಂಗೆ ಸೌಟು ಹಿಡೀಬೇಕೇನೇ?” ಎಂದು ಎಬ್ಬಿಸಿ ಕೂರಿಸುತ್ತಿದ್ದರು.

ಸ್ವಲ್ಪ ದಿನಕ್ಕೆ ಮೂಲೆಮನೆಯ ಯಜಮಾನ ಬೀದಿಯ ಗಂಡಸರನ್ನು ಕಟ್ಟಿಕೊಂಡು ಬಂದ. ನಾನೂ ಅಲ್ಲೇ ಇದ್ದೆ. ಇದು ಮರ್ಯಾದಸ್ಥರ ಬೀದಿ, ಗಂಡ ಇಲ್ಲದ ಹೆಂಗಸು ಕತ್ತಲಾದ ಮೇಲೆ ಕೆಲಸದಿಂದ ಬರುತ್ತಾಳೆ, ಖಾಲಿ ಮಾಡಿಸಿ ಎಂದ. ನನ್ನ ಮಗಳು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಓನರಮ್ಮ ಅವರಿಗೆ ಕೂರಿ ಎನ್ನಲಿಲ್ಲ. ಕರಟದಿಂದ ಕೊಬ್ಬರಿ ಬಿಡಿಸುತ್ತಲೇ ಹೇಳಿದರು.

“ಗಂಡ ಇಲ್ದೋಳು ನಾನೂ ಒಬ್ಳಿದೀನಿ ಕಣಪ್ಪ, ಅವಳಿಗಿಂತ ಮುಂಚಿಂದ. ಮೊದ್ಲು ನನ್ನ ಕಳ್ಸು.”

ಸತ್ತ ಗಂಡ ಬೇರೆ, ಬಿಟ್ಟ ಗಂಡ ಬೇರೆ ಎಂದ ಆ ಮನುಷ್ಯ.

“ಹಂಗಾರೆ ಬಿಟ್ಟೋನ್ನ ಹೋಗಿ ಕೇಳು. ನನ್ನ ಬಾಗ್ಲಾಗೆ ಯಾಕೆ ನಿಂತಿದೀಯ?”

ಅವತ್ತಿನಿಂದ ಆ ಬೀದಿಯ ಒಂದು ಮದುವೆಗಾಗಲಿ ನಾಮಕರಣಕ್ಕಾಗಲಿ ಓನರಮ್ಮನನ್ನು ಕರೆಯಲಿಲ್ಲ. ಅವರು ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಗ ತೀರಿಕೊಂಡರು. ಮಕ್ಕಳಿಲ್ಲದ ಜೀವ. ಹೆಗಲು ಕೊಡಲು ಬೀದಿಯಿಂದ ಒಬ್ಬನೂ ಹೊರಗೆ ಬರಲಿಲ್ಲ. ನನ್ನ ಗಂಡುಮಕ್ಕಳು ಜಾವಗಲ್ಲಿನಿಂದ ಬಂದು ಹೊತ್ತರು. ಹೊತ್ತುಕೊಂಡು ಹೋಗುವಾಗ ಮೂಲೆಮನೆಯಲ್ಲಿ ಟಿವಿ ಓಡುತ್ತಿತ್ತು. ಮರ್ಯಾದಸ್ಥರಂತೆ.

ಇವತ್ತು ಸಂಜೆ ಅರಸೀಕೆರೆಯ ಮಗಳ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದೆವು. ಮೊಮ್ಮಗಳು ಫೋನಿನಲ್ಲಿ ಮನೆಯ ಸುದ್ದಿ ಹೇಳುತ್ತಿದ್ದಳು. ಮಾರಿದ ಮುದುಕ ಯಾರ್ಯಾರು ಇರುತ್ತೀರಿ ಎಂದು ಕೇಳಿದನಂತೆ. ಅಲ್ಲೂ ಅದೇ ಪ್ರಶ್ನೆಯೇ ಎಂದುಕೊಂಡೆ. ನಾನು, ನನ್ನ ಗಂಡ, ಮಗು, ನಮ್ಮಮ್ಮನಿಗೂ ಒಂದು ರೂಮು ಎಂದಳಂತೆ. ಮಗು ಆಡಲು ಹಿತ್ತಲು ಚೆನ್ನಾಗಿದೆ ಎಂದನಂತೆ ಅವನು. ಮುಗಿಯಿತು ವಿಚಾರಣೆ.

ಅಷ್ಟರಲ್ಲಿ ಸ್ವೀಟ್ ಬಾಕ್ಸು ಹಿಡಿದು ಮೂಲೆಮನೆಯ ಯಜಮಾನ ಬಂದ. ಅವನ ಮೊಮ್ಮಗ ಓದಲು ಹಾಲೆಂಡಿನ ಅದೇ ಊರಿಗೆ ಹೊರಟಿದ್ದಾನಂತೆ. ಬೇರೆ ರೂಮು ಸಿಗುವವರೆಗೆ ಇವಳ ಮನೆಯಲ್ಲಿ ಇರಲಿ ಎಂದು ಕೇಳಲು ಬಂದದ್ದು.

“ನೀನು ನಮ್ಮ ಬೀದಿ ಮಗು ಅಲ್ವೇನಮ್ಮ” ಎಂದ ಫೋನಿನ ಕಡೆ ನೋಡಿ.

ಆಚೆ ಹೋಗು ಎನ್ನಲು ಬಾಯಿ ತೆರೆದೆ. ಫೋನಿನೊಳಗಿಂದ ಮೊಮ್ಮಗಳು, “ಬರ್ಲಿ ಬಿಡಜ್ಜಿ. ಓನರಮ್ಮ ನಮ್ಮನ್ನ ಸೇರಿಸ್ಕೊಂಡಿದ್ರಲ್ಲ” ಎಂದಳು.

“ಅವ್ರು ಸೇರಿಸ್ಕಂಡಿದ್ದು ನಮ್ಮನ್ನ ಕಣೇ, ಇವನ್ನಲ್ಲ.”

“ಆ ಹುಡುಗ ಏನ್ ಮಾಡಿದಾನೆ ಅಜ್ಜಿ?”

ಮೂಲೆಮನೆಯವನು ಎಲ್ಲವನ್ನೂ ಕೇಳಿಸಿಕೊಂಡು ತಲೆ ಬಗ್ಗಿಸಿ ನಿಂತಿದ್ದ. ಓನರಮ್ಮನ ಋಣ ತೀರಿಸುವ ದಾರಿ ಈ ಮನುಷ್ಯನ ಮನೆಯ ಮುಂದೆಯೇ ಹಾದುಹೋಗಬೇಕಿತ್ತೇ?

ಮಗಳು ಇನ್ನೊಂದು ಎಲೆ ಹಾಕಿದಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಸಾಲಾಗಿ ಕೂತರು. ಗೋಡೆಗೆ ಒರಗಿಸಿದ ಫೋನಿನಲ್ಲಿ ಮೊಮ್ಮಗಳ ಮನೆಯವರೂ ತಟ್ಟೆ ಹಿಡಿದು ಕೂತರು. ಅಲ್ಲಿ ಇನ್ನೂ ಬಿಸಿಲಿತ್ತು. ಸಾಲಿನ ಕೊನೆಯಲ್ಲಿ ಅವನು. ಎಲ್ಲರಿಗೂ ಇನ್ನೊಂದು ಹಾಕಿಸಿಕೋ, ಇನ್ನೊಂದು ಹಾಕಿಸಿಕೋ ಎಂದು ಬಲವಂತ ಮಾಡಿ ಒಬ್ಬಟ್ಟು ಬಡಿಸಿದೆ. ಅವನಿಗೂ ಬಡಿಸಿದೆ. ಎರಡನೇ ಸಲ ಬೇಕಾ ಎಂದು ಕೇಳಲಿಲ್ಲ.