ಅಜ್ಜಿಯ ಎಲೆ

ನಮ್ಮ ಕುಂದಾಪುರದ ಕಡೆ ಒಬ್ಬರಿಗೆ ವಯಸ್ಸಾಗಿ, ಇನ್ನು ಅವರಿಂದ ಯಾರಿಗೂ ತೊಂದರೆ ಇಲ್ಲ ಎಂದು ಖಾತ್ರಿಯಾದ ಮೇಲೆ ಸನ್ಮಾನ ಮಾಡುತ್ತೇವೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಇಂಥ ಕಾರ್ಯಕ್ರಮಗಳ ನಿರೂಪಣೆ ಮಾಡಿ ಮಾಡಿ ನನಗೆ ‘ಅಪ್ರತಿಮ’, ‘ಅವಿಸ್ಮರಣೀಯ’ ಎಂಬ ಮಾತುಗಳು ನಿದ್ದೆಯಲ್ಲೂ ಬರುತ್ತವೆ.

ಕಳೆದ ವರ್ಷ ಕೋಟೇಶ್ವರದ ಸಭಾಭವನದಲ್ಲಿ ನಮ್ಮ ಕೈಗೆ ಸಿಕ್ಕವರು ಬ್ರಹ್ಮಾವರದ ಕಡೆಯ ಒಬ್ಬ ಅಜ್ಜಿ. ಬುಟ್ಟಿ ಹೆಣೆಯುವ ಮನೆಯವರು. ಅವರ ಪ್ರಾಯಕಾಲದಲ್ಲಿ ಮದುವೆ ಊಟಕ್ಕೆ ಅವರ ಜನ ಅಂಗಳದಾಚೆ ಕಾಯಬೇಕಿತ್ತು. ಎಲ್ಲರದ್ದೂ ಮುಗಿದ ಮೇಲೆ ಎಂಜಲೆಲೆ ಹೆಕ್ಕಬೇಕಿತ್ತು, ಉಳಿದದ್ದು ಹೊರಗೇ ಸಿಗುತ್ತಿತ್ತು. ಈಕೆ ಒಂದು ಮದುವೆಯಲ್ಲಿ ಸೀದಾ ಹೋಗಿ ಪಂಕ್ತಿಯಲ್ಲಿ ಕೂತರು. ಪಂಕ್ತಿಯೇ ಎದ್ದುಹೋಯಿತು, ಇವರು ಏಳಲಿಲ್ಲ. ಆಮೇಲೆ ಹೋಟೆಲಿನ ಬೇರೆ ಲೋಟ, ಊರ ಬಾವಿ, ಶಾಲೆಯ ಬೆಂಚು ಎಂದು ಜೀವಮಾನವಿಡೀ ಜಗಳ. ಆಗ ಅವರಿಗೆ ಬೈದವರ ಮಕ್ಕಳೇ ಈಗ ಸನ್ಮಾನ ಸಮಿತಿ.

ಅಜ್ಜಿ ತಮ್ಮ ಊರಿನ ಹೆಂಗಸರ ಜೊತೆ ವ್ಯಾನಿನಲ್ಲಿ ಬಂದಿಳಿದರು. ಇಳಿದವರೇ ನನ್ನನ್ನು ಕೇಳಿದ್ದು ಒಂದೇ ಮಾತು: “ನನ್ ಒಟ್ಟಿಗ್ ಬಂದೋರ್ ಎಲ್ಲ್ ಉಂಬುದ್?”

“ಎಲ್ಲಾ ವ್ಯವಸ್ಥೆ ಇತ್ತ್ ಅಮ್ಮಾ,” ಎಂದೆ. ನಿರೂಪಕರಿಗೆ ಈ ಉತ್ತರ ಬಾಯಿಪಾಠ.

ವ್ಯವಸ್ಥೆ ಇತ್ತು ನಿಜ. ಸಭಿಕರಿಗೆ ಹಾಲ್‌ನಲ್ಲಿ ಮೇಜು-ಕುರ್ಚಿ ಹಾಕಿ ಬಾಳೆಲೆ ಊಟ. ಗಣ್ಯರಿಗೆ ಒಳಗಿನ ಎ.ಸಿ. ಕೋಣೆ. ವ್ಯಾನಿನಲ್ಲಿ ಬಂದವರಿಗೆ ‘ಜಾಗ ಸಾಲದು’ ಎಂದು ಹೊರಗೆ ಶಾಮಿಯಾನ, ಪೇಪರ್ ಪ್ಲೇಟು.

ಭಾಷಣಗಳಾದವು. ಬೈಂದೂರಿನಿಂದ ಬಂದ ಮುಖ್ಯ ಅತಿಥಿಗಳು ಸಮಾನತೆಯ ಬಗ್ಗೆ ಎಷ್ಟು ಹೊತ್ತು ಮಾತಾಡಿದರೆಂದರೆ, ಹಿಂದಿನ ಸಾಲಿನವರು ಸಮಾನವಾಗಿ ನಿದ್ದೆ ಹೋದರು. ಸಮಿತಿಯ ಅಧ್ಯಕ್ಷರು ಅಜ್ಜಿಗೆ ಶಾಲು ಹೊದಿಸಿ, ಪುಟ್ಟ ತಲೆಗೆ ಪೇಟ ಇಟ್ಟರು. ಅದು ಕಣ್ಣಿನ ತನಕ ಇಳಿಯಿತು. ಅಜ್ಜಿ ಅದನ್ನು ಮೇಲೆತ್ತಿ ಎತ್ತಿ ಬಾಗಿಲಾಚೆಯ ಶಾಮಿಯಾನವನ್ನೇ ನೋಡುತ್ತಿದ್ದರು. ಅಜ್ಜಿಯ ಮಾತಿಗೆ ಹೊತ್ತು ಸಾಲಲಿಲ್ಲ. ‘ಸನ್ಮಾನಿತರು ಭಾವುಕರಾಗಿದ್ದಾರೆ’ ಎಂದು ಮೈಕಿನಲ್ಲಿ ನಾನೇ ಹೇಳಿ ಮುಗಿಸಿದೆ.

ಊಟದ ಹೊತ್ತಿಗೆ ಅಧ್ಯಕ್ಷರು ಎ.ಸಿ. ಕೋಣೆಯ ಬಾಗಿಲು ಹಿಡಿದು ನಿಂತರು. “ಬನ್ನಿ ಅಮ್ಮಾ, ನಿಮ್ಗೆ ಒಳ್ಗೆ ಸ್ಪೆಷಲ್.”

ಅಜ್ಜಿ ಪೇಟ ತೆಗೆದು ನನ್ನ ಕೈಗೆ ಕೊಟ್ಟರು. “ಮೊದ್ಲ್ ನಮ್ಗೆ ಹೊರ್ಗ್ ಕೂರ್ಸಿ ಬಡಸ್ತಿದ್ರಿ. ಈಗ ನಂಗೊಬ್ಳಿಗೆ ಒಳ್ಗ್ ಕೂರ್ಸಿ ಬಡಸ್ತ್ರಿ. ಎಲ್ರ್ ಒಟ್ಟಿಗ್ ಕೂಕಂಡ್ ಉಂಬುಕೆ ಯಾವತ್ತ್ ಬಿಡ್ತ್ರಿ?”

ಅಜ್ಜಿ ಹೊರಗೆ ಹೋಗಿ ತಮ್ಮ ಹೆಂಗಸರನ್ನು ಕರೆದುಕೊಂಡು ಬಂದು ಹಾಲ್‌ನ ಮೊದಲ ಪಂಕ್ತಿಯಲ್ಲಿ ಕೂತರು. ಪಕ್ಕದ ಇಬ್ಬರು ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ನೆನಪಾಗಿ ಎದ್ದುಹೋದರು. ಉಳಿದವರು ಎಲೆ ನೋಡುತ್ತಾ ಉಂಡರು. ಫೋಟೋದವನು ಕ್ಯಾಮೆರಾ ಎತ್ತಿದ್ದು ಕಂಡು ಅಧ್ಯಕ್ಷರು ಓಡಿಬಂದು ಅಜ್ಜಿಯ ಪಕ್ಕದಲ್ಲೇ ಕೂತು, ಹಲ್ಲು ಕಾಣುವ ಹಾಗೆ ಅನ್ನ ಕಲಸಿದರು.

ಪಾಯಸ ಮುಗಿಯಿತು. ಎರಡನೇ ಪಂಕ್ತಿಯವರು ಬೆನ್ನ ಹಿಂದೆಯೇ ನಿಂತು ಕಾಯುತ್ತಿದ್ದರು. ಬಡಿಸುವವನೊಬ್ಬ ಅಜ್ಜಿಯ ಎಲೆಗೆ ಕೈ ಹಾಕಿದ. ಅಜ್ಜಿ ಅವನ ಕೈ ತಡೆದರು.

“ನೀ ಬಿಡ್ ಮಗಾ. ನಾ ಎಷ್ಟೋ ಜನ್ರ್ ಎಂಜಲ್ ಎಲಿ ಹೆಕ್ಕಿದ್ದೆ. ಅಧ್ಯಕ್ಷ್ರೇ, ಸನ್ಮಾನ ಮಾಡುದಾರೆ ನನ್ ಎಲಿ ನೀವ್ ಹೆಕ್ಕಿ.”

ಅಧ್ಯಕ್ಷರು ಕ್ಯಾಮೆರಾ ಎಲ್ಲಿ ಎಂದು ನೋಡಿದರು. ಫೋಟೋದವನು ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಪಾಯಸ ಕುಡಿಯುತ್ತಿದ್ದ. ಅವರು ನನ್ನ ಮುಖ ನೋಡಿದರು. ನಾನು ಪೇಟ ಹಿಡಿದುಕೊಂಡು ನಿಂತಿದ್ದೆ. ಅಜ್ಜಿ ಏಳಲಿಲ್ಲ.

ಬೆನ್ನ ಹಿಂದೆ ನಿಂತವರಲ್ಲಿ ಒಬ್ಬರ ತಾಳ್ಮೆ ತಪ್ಪಿತು. “ಹ್ವಾಯ್, ಹೆಕ್ಕಿ ಮಾರಾಯ್ರೆ! ಹಶು ಆತ್ತ್!”

ಅಧ್ಯಕ್ಷರು ಬಗ್ಗಿದರು. ಎಲೆ ಮಡಚಿ, ಎರಡು ಕೈಯಲ್ಲಿ ಹಿಡಿದುಕೊಂಡು ಬಕೆಟ್ಟಿನ ತನಕ ನಡೆದರು.

ಅಜ್ಜಿ ಆಮೇಲೆ ಎದ್ದರು. ಶಾಲನ್ನು ಕುರ್ಚಿಯಲ್ಲೇ ಬಿಟ್ಟು ಹೊರಟು, ಬಾಗಿಲಲ್ಲಿ ನನ್ನ ಕಡೆ ತಿರುಗಿದರು.

“ಈಗ ಹೇಳ್ ಮೈಕಂಗೆ, ಸನ್ಮಾನ ಆಯ್ತ್ ಅಂದ್ಹೇಳಿ.”